ಕರೆಂಟು ಹೋದರೆ ತೆರೆಯದ ಗುಡ್ಡದ ಗೇಟು

ಮಾನ್ಯರೇ,

ಕಳೆದ ವಾರದ ಗಾಳಿಗೆ ಕರೆಂಟು ಹೋದಾಗ, ಸಿಯಾಟಲ್ ಬಳಿಯ ನಮ್ಮ ನ್ಯೂಕ್ಯಾಸಲ್ ಮೇಲಿನ ಟವರ್ ಗುಡ್ಡದ ರಸ್ತೆಗೆ ನೀವು, ಈ ಜಿಲ್ಲೆಯ ರಸ್ತೆ-ಉದ್ಯಾನಗಳ ಕಚೇರಿಯವರು, ಹಾಕಿಸಿರುವ ಗೇಟು ಮತ್ತೆ ತೆರೆಯಲಿಲ್ಲ. ಮತ್ತೆ ಅದರ ಒಳಗಡೆ ಒಬ್ಬ ಮನುಷ್ಯನಿದ್ದ. ಈ ಸಲ ಅವನಿಗೆ ಏನೂ ಆಗಲಿಲ್ಲ. ಹೆಂಡತಿಗೆ ಫೋನು ಮಾಡಿ, ಪಿಕಪ್ ಗಾಡಿಯನ್ನು ಒಳಗೇ ಬಿಟ್ಟು, ಗೇಟಿನ ಪಕ್ಕದ ಬಂಡೆಗಳನ್ನು ಹತ್ತಿ ಇಳಿದು, ಅವಳ ಕಾರಿನಲ್ಲಿ ಮನೆಗೆ ಹೋದ. ಏನೂ ಆಗದೇ ಇದ್ದದ್ದರಿಂದ ನಿಮ್ಮ ಕಚೇರಿಯಲ್ಲಿ ಏನೂ ದಾಖಲಾಗಿರಲಿಕ್ಕಿಲ್ಲ. ಹೋದ ವರ್ಷ ನವೆಂಬರಿನ ಬಿರುಗಾಳಿಯಲ್ಲಿ ಅದೇ ಗೇಟಿನ ಒಳಗಿದ್ದವರು ನನ್ನ ಗಂಡ ವಿಜಯಕುಮಾರ. ಅವರು ಬಂಡೆ ಹತ್ತಿ ಇಳಿದು ಬರಲಿಲ್ಲ. ಒಂದು ಸಾವು ನಿಮಗೆ ಸಾಲದಾಯಿತೇ ಎಂದು ಕೇಳುವುದಕ್ಕೆ ಈ ಪತ್ರ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಬೇಕಾದಷ್ಟು ಬರೆದಿದ್ದೇನೆ. ಸಿಯಾಟಲ್‌ನ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯ ಪ್ರಯೋಗಾಲಯವೊಂದರಲ್ಲಿ ದಿನವಿಡೀ ಇಂಗ್ಲಿಷಿನಲ್ಲೇ ವರದಿ ಬರೆಯುವವಳು ನಾನು. ಭಾಷೆಯ ತೊಡಕಿನಿಂದ ನನ್ನ ಮಾತು ನಿಮಗೆ ಮುಟ್ಟಲಿಲ್ಲ ಎನ್ನುವಂತಿಲ್ಲ. ಆದರೆ ನೀವು ಕಳಿಸಿದ ಪ್ರತಿಯೊಂದು ಉತ್ತರದ ಅಡಿಯಲ್ಲಿ, ಸಾರ್ವಜನಿಕರು ತಮಗೆ ಅನುಕೂಲವಾದ ಭಾಷೆಯಲ್ಲಿ ಬರೆಯಬಹುದು, ಅನುವಾದದ ಏರ್ಪಾಟನ್ನು ಕಚೇರಿಯೇ ಮಾಡಿಕೊಳ್ಳುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಒಳ್ಳೆಯದು. ವರದಿಗೆ ನನಗೆ ಇಂಗ್ಲಿಷ್ ಅನುಕೂಲ, ದುಃಖಕ್ಕೆ ಕನ್ನಡ. ನೀವು ಅನುವಾದಕರನ್ನು ಹುಡುಕುವಷ್ಟರಲ್ಲಿ ನಮ್ಮ ಕನ್ನಡ ಸಂಘದ ಪತ್ರಿಕೆಯವರು ಇದನ್ನು ಅಚ್ಚು ಹಾಕುತ್ತಾರೆ. ನಮ್ಮವರು ಮೊದಲು ಓದಲಿ. ನೀವು ಆಮೇಲೆ ಓದಿದರೂ ಆಗುತ್ತದೆ. ತಡ ಎನ್ನುವುದು ನಿಮಗೆ ಹೊಸದಲ್ಲ.

ನನ್ನ ಗಂಡ ರಾಣೆಬೆನ್ನೂರಿನವರು. ನಾನು ಗದಗಿನವಳು. ಇಲ್ಲಿನ ನಮ್ಮವರ ಕೂಟಗಳಲ್ಲಿ ಹೊಸಬರು ಭೇಟಿಯಾದಾಗ ಕೇಳುವ ಮೊದಲ ಪ್ರಶ್ನೆ "ಯಾವ ಕಂಪನಿ?" ಎಂದು. ಎಲ್ಲರೂ ಎರಡು ಮೂರು ಸಾಫ್ಟ್‌ವೇರ್ ಕಂಪನಿಗಳ ಹೆಸರುಗಳಲ್ಲಿ ಒಂದನ್ನು ಹೇಳುತ್ತಾರೆ. ಇವರು ಮಾತ್ರ ಕಿಟಕಿಯ ಕಡೆ ಕೈ ತೋರಿಸಿ "ಅಲ್ಲಿ, ಗುಡ್ಡದ ಮ್ಯಾಲೆ" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು, ಇವರೂ ನಗುತ್ತಿದ್ದರು. ರೇಡಿಯೋ ಮತ್ತು ಟಿ.ವಿ. ಪ್ರಸಾರದ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು ಅವರು. ಆ ಗುಡ್ಡದ ತಲೆಯ ಮೇಲೆ ಮರಗಳಿಗಿಂತ ಎಷ್ಟೋ ಎತ್ತರಕ್ಕೆ ನಿಂತಿರುವ ಟವರುಗಳು, ಅವುಗಳ ಬುಡದಲ್ಲಿರುವ ಕಿಟಕಿಯಿಲ್ಲದ ಸಿಮೆಂಟಿನ ಕೋಣೆಗಳು, ಅವುಗಳ ಒಳಗೆ ಹಗಲೂ ರಾತ್ರಿ ಗುಂಯ್ ಎನ್ನುವ ಯಂತ್ರಗಳು, ಇದೇ ಅವರ ಆಫೀಸು. ಕಾರಿನಲ್ಲಿ ಹೋಗುವಾಗ ಮಳೆಮೋಡ ಸರಿದು ಗುಡ್ಡ ಕಂಡರೆ ಸಾಕು, "ನೋಡವಾ ಅನುಷಾ, ಆ ತುದೀಗಿರೋದು ಎಫ್.ಎಂ.ದು, ಪಕ್ಕದ್ದು ಟಿ.ವಿ.ದು" ಎಂದು ಶುರುವಾಗುತ್ತಿತ್ತು. ನಮ್ಮ ಮಗಳು ಅನುಷಾ "ಅಪ್ಪಾ, ಐ ನೋ, ಯೂ ಟೋಲ್ಡ್ ಮೀ" ಎಂದು ಬೇಸರದಿಂದ ಕಣ್ಣು ಮೇಲೆ ತಿರುಗಿಸುತ್ತಿದ್ದಳು. ಇದೆಲ್ಲ ನಿಮಗೇಕೆ ಹೇಳುತ್ತಿದ್ದೇನೆಂದರೆ, ನಿಮ್ಮ ಕಡತದಲ್ಲಿ ಅವರು "ಸ್ಥಳದಲ್ಲಿದ್ದ ಗುತ್ತಿಗೆದಾರ ಸಂಸ್ಥೆಯ ಸಿಬ್ಬಂದಿ" ಮಾತ್ರ. ಸಿಬ್ಬಂದಿಗೆ ಒಂದು ಊರಿತ್ತು, ನಗುವಿತ್ತು, ಮಗಳಿಗೆ ಬೇಸರ ತರಿಸುವ ಒಂದು ಹುಚ್ಚಿತ್ತು ಎಂದು ನಿಮಗೆ ತಿಳಿದಿರಲಿ.

ಈಗ ಗೇಟಿನ ಮಾತು. ಗೇಟೇ ಬೇಡ ಎಂದು ನಾನು ವಾದ ಮಾಡುತ್ತಿಲ್ಲ. ಗೇಟು ಬೇಕು ಎಂದವರಲ್ಲಿ ನನ್ನ ಗಂಡನೂ ಒಬ್ಬರು. ವಾರಾಂತ್ಯಕ್ಕೆ ಕುಡಿಯಲು ಬರುವವರು, ಬೇಲಿ ಹಾರಿ ತಾಮ್ರದ ತಂತಿ ಕದಿಯುವವರು, ಸವಾಲು ಹಾಕಿಕೊಂಡು ಟವರ್ ಹತ್ತಲು ನೋಡುವವರು, ಇವರೆಲ್ಲರ ಕಾಟ ಅವರಿಗೆ ಸಾಕಾಗಿತ್ತು. ಮೊದಲು ಅಲ್ಲಿ ಒಂದು ಸರಪಳಿ ಮತ್ತು ಬೀಗ ಇತ್ತು. ಅದರ ಕೀಲಿಯೊಂದು ಅಗ್ನಿಶಾಮಕ ಠಾಣೆಯಲ್ಲಿ ಗೋಡೆಗೆ ತೂಗಾಡುತ್ತಿತ್ತಂತೆ. ನೀವು ಅದನ್ನು ತೆಗೆಸಿ, ಕಾರ್ಡು ತೋರಿಸಿದರೆ ತಾನೇ ಸರಿಯುವ ಉಕ್ಕಿನ ಗೇಟು ಹಾಕಿಸಿದಿರಿ. ಪಕ್ಕದಿಂದ ಗಾಡಿ ನುಸುಳದ ಹಾಗೆ ಎರಡೂ ಕಡೆ ಆಳೆತ್ತರದ ಬಂಡೆಗಳನ್ನು ತಂದು ಇರಿಸಿದಿರಿ. ಕರೆಂಟು ಹೋದರೆ ಗೇಟು ಮುಚ್ಚಿಯೇ ಇರುತ್ತದೆ. ಬ್ಯಾಟರಿ ಜೋಡಿಸುವುದು "ಮುಂದಿನ ಹಂತದಲ್ಲಿ" ಎಂದು ನಿಮ್ಮ ಯೋಜನೆಯಲ್ಲಿತ್ತು. ಕೈಯಿಂದ ತೆರೆಯಲು ಒಂದು ಕೀಲಿ ಇರಲೇ ಇಲ್ಲವೇ? ಇತ್ತು. ಅದು ನಿಮ್ಮ ಕಚೇರಿಯ ಕಪಾಟಿನಲ್ಲಿ ಭದ್ರವಾಗಿತ್ತು. ಬಿರುಗಾಳಿಯ ಮಾರನೆಯ ದಿನ ಕಚೇರಿಗೆ ಕರೆಂಟು ಇರಲಿಲ್ಲವೆಂದು ನೀವು ರಜೆ ಕೊಟ್ಟಿದ್ದಿರಿ. ಅಂದರೆ, ಮಾನ್ಯರೇ, ಕರೆಂಟು ಹೋದಾಗ ಮಾತ್ರ ಬೇಕಾಗುವ ಕೀಲಿಯನ್ನು ನೀವು ಕರೆಂಟು ಹೋದಾಗ ಮುಚ್ಚುವ ಕಚೇರಿಯಲ್ಲಿ ಇಟ್ಟಿದ್ದಿರಿ. ಇಷ್ಟು ಅಚ್ಚುಕಟ್ಟಾದ ಅವಿವೇಕವನ್ನು ಒಬ್ಬರೇ ಯೋಚಿಸಿ ಮಾಡಲು ಸಾಧ್ಯವಿಲ್ಲ. ಒಂದು ಸಮಿತಿಯೇ ಬೇಕು.

ಆ ಬಿರುಗಾಳಿ ನಿಮಗೂ ನೆನಪಿರಬೇಕು. ಮೊದಲ ಸಂಜೆ ನಮ್ಮ ಬೀದಿಯಲ್ಲಿ ದೇವದಾರಿನಂಥ ಫರ್ ಮರಗಳು ಒಂದಾದಮೇಲೊಂದು ಮುರಿದು ಬೀಳುವ ಸದ್ದು ಕೇಳುತ್ತಿತ್ತು. ಬೆಳಗಾದಾಗ ಊರಿಗೆಲ್ಲ ಕರೆಂಟಿಲ್ಲ, ಹೀಟರಿಲ್ಲದೆ ಮನೆ ಕೊರೆಯುತ್ತಿತ್ತು. ನಮ್ಮತ್ತೆ ಕಮಲವ್ವನವರು ಆಗ ಊರಿನಿಂದ ಬಂದು ನಮ್ಮ ಜೊತೆಗಿದ್ದರು; ಎರಡು ಕೌದಿ ಹೊದ್ದು ಸೋಫಾದ ಮೂಲೆಯಲ್ಲಿ ಮುದುಡಿಕೊಂಡಿದ್ದರು. ಇಂಟರ್‌ನೆಟ್ಟಿಲ್ಲ, ಟಿ.ವಿ. ಇಲ್ಲ. 'ಕ್ಲೌಡ್' ಎಂಬ ಮೋಡದಲ್ಲಿ ದತ್ತಾಂಶ ಇಡುವ ಕಂಪನಿಗಳ ಜನರೆಲ್ಲ ತಂತಮ್ಮ ಕಾರುಗಳಲ್ಲಿ ಕೂತು ರೇಡಿಯೋ ಹಚ್ಚಿಕೊಂಡರು. ಯಾವ ರಸ್ತೆ ಬಂದ್ ಆಗಿದೆ, ಎಲ್ಲಿ ಬೆಚ್ಚಗಿನ ಆಶ್ರಯ ತೆರೆದಿದ್ದಾರೆ, ಆಕ್ಸಿಜನ್ ಯಂತ್ರದ ಮೇಲಿರುವ ರೋಗಿಗಳು ಯಾರಿಗೆ ಕರೆ ಮಾಡಬೇಕು, ಎಲ್ಲವನ್ನೂ ರೇಡಿಯೋ ಹೇಳುತ್ತಿತ್ತು. ಪಕ್ಕದ ಮನೆಯ ಚೇತನ್, ಮೈಸೂರಿನ ಹುಡುಗ, ಸಾಫ್ಟ್‌ವೇರಿನವನು, ಕಾರಿನ ಗಾಜು ಇಳಿಸಿ "ಅಕ್ಕಾ, ವಿಜಯಣ್ಣ ಇರೋವರೆಗೂ ನಮಗೆ ಸುದ್ದಿಗೆ ಬರ ಇಲ್ಲ ಬಿಡಿ" ಎಂದ. ನಿಜ. ಗುಡ್ಡದ ಮೇಲೂ ಕರೆಂಟು ಹೋಗಿ ಎಲ್ಲವೂ ಜನರೇಟರ್ ಮೇಲೆ ನಡೆಯುತ್ತಿತ್ತು. ಡೀಸೆಲ್ ಟ್ಯಾಂಕರು ಮರ ಬಿದ್ದ ದಾರಿಯಲ್ಲಿ ಮೇಲೆ ಹೋಗಲಾರದೆ ನಿಂತಿತ್ತು. ಇವರು ಬೆಳಗ್ಗೆಯೇ ಡಬ್ಬಿಗಳಲ್ಲಿ ಡೀಸೆಲ್ ತುಂಬಿಸಿಕೊಂಡು ಪಿಕಪ್ಪಿನಲ್ಲಿ ಹೊರಟರು.

"ಊಟಾ ಮಾಡಿ ಹೋಗಪಾ" ಎಂದರು ಅತ್ತೆ.

"ಕಟಿಗೊಂಡ್ ಹೊಂಟೀನಿ ಬೇ. ರೇಡಿಯೋ ಬಂದ್ ಬಿತ್ತಂದ್ರ ಮಂದಿಗೆ ಏನೂ ಗೊತ್ತಾಗಂಗಿಲ್ಲ."

ಗೇಟಿಗೆ ಕರೆಂಟು ಬರುವ ಲೈನು ಬೇರೆಯದು. ಬೆಳಗ್ಗೆ ಅದು ಜೀವಂತವಾಗಿತ್ತು, ಗೇಟು ತೆರೆದು ಅವರನ್ನು ಒಳಗೆ ಬಿಟ್ಟುಕೊಂಡಿತು, ಮತ್ತೆ ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ, ರಾತ್ರಿಯ ಗಾಳಿಗೆ ಬೇರು ಸಡಿಲಾಗಿದ್ದ ಮರವೊಂದು ಆ ಲೈನಿನ ಮೇಲೂ ಬಿತ್ತು.

ಊಟದ ಹೊತ್ತು ಕಳೆದ ಮೇಲೆ ನನಗೆ ಅವರ ಫೋನು ಬಂತು. ಆ ಕರೆ ನನ್ನನ್ನು ಮುಟ್ಟಿದ್ದೂ ಅದೇ ಗುಡ್ಡದ ಆಂಟೆನಾದಿಂದ, ಅವರೇ ಡೀಸೆಲ್ ಸುರಿದ ಜನರೇಟರಿನ ಶಕ್ತಿಯಿಂದ.

"ರಾಜೀ, ಎದಿ ಹಿಡದಂಗ ಆಗೇತಿ. ಗ್ಯಾಸ್ ಇರಬೇಕು."

"ಕೈ ನೋಯಾಕತ್ತೈತೇನ್ರಿ?"

"ಎಡಗೈ ಸ್ವಲ್ಪ. ಡಬ್ಬಿ ಎತ್ತಿದ್ದಕ್ಕ ಇರಬೇಕು."

"ಕುಂದರ್ರಿ ಅಲ್ಲೇ. ಅಳ್ಳಾಡಬ್ಯಾಡ್ರಿ. ಆಂಬುಲೆನ್ಸ್ ಕಳಿಸ್ತೀನಿ."

"ಹ್ಞೂಂ. ಅವ್ವಗ ಹೇಳಬ್ಯಾಡ, ಗಾಬರಿ ಆಕ್ಕಾಳ."

ನಾನು ತುರ್ತು ಸಂಖ್ಯೆಗೆ ಕರೆ ಮಾಡಿದೆ. ಅವರು ಹೊರಟೆವು ಎಂದರು, ಹೊರಟೂ ಇದ್ದರು. ಚೇತನ್ ನನ್ನ ಮುಖ ನೋಡಿದವನೇ "ನೀವು ಡ್ರೈವ್ ಮಾಡ್ಬೇಡಿ ಅಕ್ಕಾ, ಕೂತ್ಕೊಳ್ಳಿ" ಎಂದು ತನ್ನ ಕಾರು ತೆಗೆದ. ದಾರಿಯುದ್ದಕ್ಕೂ ಕೊಂಬೆಗಳು. ಅವನು ಇಳಿದು ಎಳೆದು ಸರಿಸುವುದು, ಮತ್ತೆ ಹತ್ತುವುದು. ಗೇಟು ಕಂಡಾಗ ಕೆಂಪು ಅಗ್ನಿಶಾಮಕ ಗಾಡಿ ಅದರ ಮುಂದೆ ದೀಪ ಮಿನುಗಿಸುತ್ತ ನಿಂತಿತ್ತು. ಅದನ್ನು ನೋಡಿ ನನಗೆ ಮೊದಲು ಆದದ್ದು ಸಮಾಧಾನ, ಮಾನ್ಯರೇ. ಬಂದುಬಿಟ್ಟಿದ್ದಾರಲ್ಲ ಎಂದುಕೊಂಡೆ. ಆಮೇಲೆ ಗಾಡಿ ಯಾಕೆ ನಿಂತಿದೆ ಎಂದು ಹೊಳೆಯಿತು.

ಒಬ್ಬ ಹೆಣ್ಣುಮಗಳು ಗೇಟಿನ ಉಕ್ಕಿನ ಕಂಬಕ್ಕೆ ಯಂತ್ರದ ಗರಗಸ ಹಿಡಿದಿದ್ದಳು, ಕಿಡಿ ಹಾರುತ್ತಿತ್ತು. ಮತ್ತೊಬ್ಬ ವಾಕಿಟಾಕಿಯಲ್ಲಿ ಯಾರ ಬಳಿಯೋ ಕೀಲಿ ಎಲ್ಲಿದೆ, ಕೀಲಿ ಯಾರ ಹತ್ತಿರವಿದೆ ಎಂದು ಕೂಗುತ್ತಿದ್ದ. ಇಬ್ಬರು ಆಗಲೇ ಚೀಲ ಬೆನ್ನಿಗೆ ಹಾಕಿ ಬಂಡೆ ಹತ್ತಿಳಿದು ಮೇಲಕ್ಕೆ ಓಡಿಹೋಗಿದ್ದರು. ಅಲ್ಲಿಂದ ಟವರುಗಳಿಗೆ ಒಂದು ಮೈಲಿಗಿಂತ ಜಾಸ್ತಿ, ಎಲ್ಲ ಏರು, ದಾರಿ ತುಂಬ ಬಿದ್ದ ಕೊಂಬೆ. ಹೃದಯಕ್ಕೆ ಶಾಕ್ ಕೊಡುವ ಯಂತ್ರ ಹೊತ್ತು ಮನುಷ್ಯ ಎಷ್ಟು ಓಡಬಲ್ಲ? ನಾನು ಬಂಡೆಯ ಮೇಲೆ ಕೈಯಿಟ್ಟೆ. ಗರಗಸದ ಹುಡುಗಿ ಕಿರುಚಿದಳು, ಮೇಡಂ ಹೋಗಬೇಡಿ ಎಂದು. ನಾನು "ನನ್ನ ಗಂಡ ಅಲ್ಲಿದ್ದಾರೆ" ಎಂದೆ, ಕನ್ನಡದಲ್ಲಿ ಎಂದೆನಂತೆ, ಚೇತನ್ ಆಮೇಲೆ ಹೇಳಿದ. ಅವಳಿಗೆ ಅರ್ಥವಾಯಿತು. ಗರಗಸ ಒಂದು ಕ್ಷಣ ನಿಲ್ಲಿಸಿ, ಕೈ ಕೊಟ್ಟು ನನ್ನನ್ನು ಬಂಡೆ ದಾಟಿಸಿದಳು. ಆ ದಿನ ಯಾವ ಕಚೇರಿಯೂ ಮಾಡದ ಕೆಲಸ ಅದು.

ನಾನು ಮೇಲೆ ಮುಟ್ಟಿದಾಗ ಅವರು ಕೋಣೆಯ ಬಾಗಿಲಿನ ಹೊರಗೆ ಜಲ್ಲಿಕಲ್ಲಿನ ಮೇಲೆ ಮಲಗಿದ್ದರು. ಇಬ್ಬರು ಸರದಿಯಂತೆ ಎದೆ ಒತ್ತುತ್ತಿದ್ದರು. ಅವರಲ್ಲೊಬ್ಬನಿಗೆ ಓಡಿಬಂದ ಉಸಿರೇ ಇನ್ನೂ ಹತೋಟಿಗೆ ಬಂದಿರಲಿಲ್ಲ. ಒತ್ತುತ್ತ ಒತ್ತುತ್ತ ಅವನೂ ಏದುಸಿರು ಬಿಡುತ್ತಿದ್ದ. ನಾನು ಗಂಡನ ಕಾಲು ಹಿಡಿದು ಕೂತೆ. ಬೂಟಿಗೆ ಡೀಸೆಲ್ ವಾಸನೆ. ಕೆಳಗಿನಿಂದ ಆಂಬುಲೆನ್ಸ್ ಬರುವ ಸದ್ದು ಕೇಳಿಸಿತು, ಅಂತೂ ಕಂಬ ಕತ್ತರಿಸಿದ್ದರು. ಅದು ಬಂದು ನಿಂತಾಗ ಎದೆ ಒತ್ತುತ್ತಿದ್ದವನು ನನ್ನ ಕಡೆ ನೋಡಿದ, ಮತ್ತೆ ನೋಡಲಿಲ್ಲ. ಅಲ್ಲಿಂದ ಸಿಯಾಟಲ್ ಪೂರ್ತಿ ಕಾಣುತ್ತದೆ, ಸರೋವರಗಳು ಕಾಣುತ್ತವೆ. ಅವರು ಯಾವಾಗಲೂ ನನ್ನನ್ನು ಅಲ್ಲಿಗೆ ಕರೆದೊಯ್ದು ತೋರಿಸುತ್ತೇನೆ ಎನ್ನುತ್ತಿದ್ದರು. ನಾನು ಆ ಗುಡ್ಡ ಹತ್ತಿದ್ದು ಅದೊಂದೇ ಸಲ.

ಆ ಸಂಜೆಯೂ ರೇಡಿಯೋ ನಿಲ್ಲಲಿಲ್ಲ. ಅವರು ಡೀಸೆಲ್ ತುಂಬಿಸುವ ಕೆಲಸ ಮುಗಿಸಿಯೇ ಫೋನು ಮಾಡಿದ್ದರು.

ನನ್ನ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಅವರು ಅಳಲಿಲ್ಲ ಮೊದಲು. "ಗೇಟು ಹಾಕಿತ್ತು ಅಂದ್ರ? ಯಾರ ಹಾಕಿದ್ರು?" ಎಂದರು. ಯಾರೂ ಹಾಕಲಿಲ್ಲ ಅತ್ತೀ, ಕರೆಂಟ್ ಇರಲಿಲ್ಲ ಎಂದೆ. "ಕರೆಂಟ್ ಇಲ್ಲಂದ್ರ ಬಾಗಲಾ ತಗಿಯಾಕ ಮನುಷ್ಯಾರು ಇರಲಿಲ್ಲೇನು?" ಎಂದರು. ಮಾನ್ಯರೇ, ಇಡೀ ವರ್ಷದಲ್ಲಿ ನಿಮ್ಮ ಗೇಟಿನ ಬಗ್ಗೆ ಯಾರಾದರೂ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ. ಅವರು ಈಗ ಊರಿಗೆ ಹೋಗಿದ್ದಾರೆ, ಕಿರಿಯ ಮಗನ ಮನೆಯಲ್ಲಿದ್ದಾರೆ. ವಾರಕ್ಕೊಮ್ಮೆ ಫೋನಿನಲ್ಲಿ ಅದನ್ನೇ ಕೇಳುತ್ತಾರೆ. "ಏನಂದ್ರು ಅವರು?" ಎನ್ನುತ್ತಾರೆ. ಏನೂ ಅಂದಿಲ್ಲ ಅತ್ತೀ ಎನ್ನುತ್ತೇನೆ.

ಏನೂ ಅಂದಿಲ್ಲ ಎಂದರೆ ತಪ್ಪಾದೀತು. ನೀವು ಅಂದಿದ್ದೀರಿ. ನಿಮ್ಮ ತನಿಖೆಯ ಸಾರ ನನ್ನ ಮೇಜಿನ ಮೇಲಿದೆ: "ಗೇಟು ವಿನ್ಯಾಸಗೊಳಿಸಿದಂತೆಯೇ ಕಾರ್ಯನಿರ್ವಹಿಸಿದೆ." ಈ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಈಗ ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯೂ ಕಾಣಿಸುತ್ತದೆ. ಹೌದು, ಒಳಗಿರುವ ಮನುಷ್ಯನನ್ನು ಒಳಗೇ ಇರಿಸಿಕೊಳ್ಳುವಂತೆ, ಉಳಿಸಲು ಬಂದವರನ್ನು ಹೊರಗೆ ನಿಲ್ಲಿಸುವಂತೆ ನೀವು ಅದನ್ನು ವಿನ್ಯಾಸಗೊಳಿಸಿದ್ದಿರಿ, ಅದು ನಿಷ್ಠೆಯಿಂದ ಹಾಗೆಯೇ ನಡೆದುಕೊಂಡಿತು. ಗೇಟಿನ ಮೇಲೆ ನನಗೆ ಸಿಟ್ಟಿಲ್ಲ. ವರದಿಯಲ್ಲಿ ಇನ್ನೊಂದು ಮಾತಿದೆ: ವಿಳಂಬಕ್ಕೂ ಸಾವಿಗೂ ನಡುವಿನ ಸಂಬಂಧವನ್ನು ನಿಶ್ಚಿತವಾಗಿ ಸ್ಥಾಪಿಸಲಾಗದು. ಇದನ್ನು ಬರೆದವರು ಇದರಿಂದ ಮಾತು ಮುಗಿಯಿತು ಎಂದುಕೊಂಡಿರಬೇಕು. ನಾನು ಆಸ್ಪತ್ರೆಯ ವೈದ್ಯೆಯನ್ನೂ ಕೇಳಿದೆ, ಗೇಟು ತೆರೆದಿದ್ದರೆ ಬದುಕುತ್ತಿದ್ದರೇ ಎಂದು. ಅವರು ನನ್ನ ಕೈ ಹಿಡಿದುಕೊಂಡು, ಬದುಕಬಹುದಿತ್ತು, ಬದುಕದೆಯೂ ಇರಬಹುದಿತ್ತು, ಗೊತ್ತಿಲ್ಲ ಎಂದರು. ನಿಶ್ಚಿತವಾಗಿ ಹೇಳಲಾಗದು ಎಂಬುದು ನಿಮಗೆ ಬಿಡುಗಡೆ. ನನಗೆ ಅದು ಜೀವನಪೂರ್ತಿಯ ಶಿಕ್ಷೆ. ಗಂಡ ಸತ್ತ ಹೆಂಗಸರಿಗೆ ಕೊನೆಗಾದರೂ, ಮಾಡುವುದೆಲ್ಲ ಮಾಡಿದೆವು ಎಂಬ ಸಮಾಧಾನವೊಂದು ಸಿಗುತ್ತದೆ. ಅದನ್ನು ನೀವು ನನ್ನಿಂದ ಕಸಿದುಕೊಂಡಿರಿ. ಇದಕ್ಕೆ ನಿಮ್ಮ ಪರಿಹಾರದ ನಿಯಮಗಳಲ್ಲಿ ಯಾವ ಕಲಮು ಇದೆ?

ವಸಂತದಲ್ಲಿ ನಿಮ್ಮ ಪ್ರತಿನಿಧಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ಸಭ್ಯ ಮನುಷ್ಯ, ಶೂ ಬಿಚ್ಚಿ ಒಳಗೆ ಬಂದರು, ಚಹಾ ಕುಡಿದರು. ಕಾಲುದಾರಿಯ ತಿರುವಿನಲ್ಲಿ, ಟವರುಗಳು ಕಾಣುವ ಹಾಗೆ, ನನ್ನ ಗಂಡನ ಹೆಸರು ಕೆತ್ತಿದ ಒಂದು ಬೆಂಚು ಇಡಬೇಕೆಂದು ಕಚೇರಿ ಯೋಚಿಸಿದೆ ಎಂದರು. ಅವರ ಕಣ್ಣಲ್ಲಿ ನೀರೂ ಬಂತು, ಅದು ಸುಳ್ಳಲ್ಲ. ಅನುಷಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಇಂಗ್ಲಿಷಿನಲ್ಲಿ ಕೇಳಿದಳು: ಇವತ್ತು ಕರೆಂಟು ಹೋದರೆ ಆ ಗೇಟು ತೆರೆಯುತ್ತದಾ?

ಅವರು ಕಪ್ಪು ಕೆಳಗಿಟ್ಟರು. ಅದನ್ನು ಪರಿಶೀಲಿಸುತ್ತಿದ್ದೇವೆ ಎಂದರು.

"ತೆರೆಯುತ್ತದಾ, ಇಲ್ಲವಾ?"

"ಸದ್ಯಕ್ಕೆ ಇಲ್ಲ."

ಅವಳು ಮಹಡಿಯ ಮೆಟ್ಟಿಲ ಕಡೆ ಹೊರಟಳು. ನನ್ನ ಕಡೆ ತಿರುಗಿ, ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ, ಕನ್ನಡದಲ್ಲಿ ಹೇಳಿದಳು: "ಬೆಂಚ್ ಬೇಡ ಅಮ್ಮಾ." ಆದ್ದರಿಂದ ಬೆಂಚು ಬೇಡ ಎಂದು ನಾನು ನಿಮಗೆ ಬರೆದೆ. ನಮ್ಮ ಮನವಿಯನ್ನು ಗೌರವಿಸಿ ಬೆಂಚಿನ ಪ್ರಸ್ತಾವವನ್ನು ಕೂಡಲೇ ಕೈಬಿಟ್ಟಿದ್ದೀರಿ ಎಂದು ಅದೇ ವಾರ ಉತ್ತರ ಬಂತು. ಬೇಡ ಎಂದದ್ದನ್ನು ಬಿಡುವುದರಲ್ಲಿ ನಿಮ್ಮ ಚುರುಕು ಮೆಚ್ಚಬೇಕಾದದ್ದೇ. ಬೇಕು ಎಂದದ್ದು ಇನ್ನೂ ಪರಿಶೀಲನೆಯಲ್ಲಿದೆ.

ಈಗ ಗುಡ್ಡಕ್ಕೆ ಹೋಗುವವನು ಬೇರೊಬ್ಬ ಎಂಜಿನಿಯರು. ಸಿಯಾಟಲ್‌ನ ಉತ್ತರಕ್ಕಿರುವ ಶೋರ್‌ಲೈನ್ ಊರಿನವನು, ಅನುಷಾಳ ಚಿಕ್ಕಪ್ಪನ ವಯಸ್ಸಿನವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೋಣೆಯಲ್ಲಿ ಉಳಿದಿದ್ದ ನನ್ನ ಗಂಡನ ಜಾಕೆಟ್ಟು ಮತ್ತು ಊಟದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತು, ಅವರು ವೈರುಗಳನ್ನೆಲ್ಲ ಎಷ್ಟು ಅಂದವಾಗಿ ಕಟ್ಟಿಟ್ಟಿದ್ದಾರೆ, ನನಗೆ ಏನೂ ಹುಡುಕಬೇಕಾಗಿಲ್ಲ ಎಂದ. ನನಗೆ ಅಂದು ಸಿಕ್ಕ ಸಾಂತ್ವನ ಅದೊಂದೇ. ಕಳೆದ ವಾರ ಗಾಳಿ ಬೀಸಿದ ಮಧ್ಯಾಹ್ನ ಅವನೇ ಫೋನು ಮಾಡಿದ. ಗೇಟು ಮತ್ತೆ ಮುಚ್ಚಿಕೊಂಡಿದೆ, ನಾನು ಒಳಗಿದ್ದೇನೆ, ಆರೋಗ್ಯವಾಗಿದ್ದೇನೆ, ನಿಮಗೆ ಗೊತ್ತಿರಬೇಕು ಅನ್ನಿಸಿತು ಎಂದ. ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು. ಅವನು ನಡೆದು ಕೆಳಗಿಳಿಯುವ ತನಕ ನಾನು ಫೋನು ಇಡಲಿಲ್ಲ. ಏನೇನೋ ಮಾತಾಡಿಸಿದೆ. ಬಸುರಿಯಾಗಿರುವ ಹೆಂಡತಿಗೆ ಎಷ್ಟು ತಿಂಗಳು ಎಂದು ಕೇಳಿದೆ. ಬರುವ ಜನವರಿಗೆ ಹೆರಿಗೆ ಎಂದ. ಬಂಡೆ ದಾಟಿದೆ, ಹೆಂಡತಿಯ ಕಾರು ಕಾಣುತ್ತಿದೆ ಎಂದು ಅವನು ಹೇಳಿದ ಮೇಲೆ ಫೋನು ಇಟ್ಟೆ. ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ನಾನು ಜೋರಾಗಿ ಅತ್ತುಬಿಟ್ಟೆ. ಇಡೀ ವರ್ಷ ಹಾಗೆ ಅತ್ತಿರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಇದು ವಿನಂತಿಯಲ್ಲ, ವಿನಂತಿಗಳ ಕಾಲ ಮುಗಿಯಿತು. ಕರೆಂಟು ಹೋದಾಗ ಆ ಗೇಟು ತಾನಾಗಿ ತೆರೆದುಕೊಳ್ಳುವಂತೆ ಮಾಡಿ. ಅದು ಆಗುವ ತನಕ, ಯಂತ್ರವನ್ನು ಕಳಚಿ ಹಳೆಯ ಸರಪಳಿಯನ್ನೇ ಹಾಕಿ. ಕೈಗೀಲಿಯನ್ನು ಅಗ್ನಿಶಾಮಕ ಠಾಣೆಗೆ ಈ ವಾರವೇ ತಲುಪಿಸಿ. ಅದಕ್ಕೆ ಸಮಿತಿ ಬೇಡ, ಒಂದು ಕಾರು ಸಾಕು, ನಿಮಗೆ ಪುರುಸೊತ್ತಿಲ್ಲದಿದ್ದರೆ ನಾನೇ ಬಂದು ಒಯ್ಯುತ್ತೇನೆ. ಆಮೇಲೆ ನಿಮ್ಮ ವರದಿಯಲ್ಲಿ ಒಂದು ವಾಕ್ಯವನ್ನು ತಿದ್ದಿ. ವಿಜಯಕುಮಾರ ಎಂಬವರು ಸಾಯುತ್ತಿದ್ದಾಗ ಗೇಟು ಮುಚ್ಚಿತ್ತು, ಅದು ಮುಚ್ಚಿರಬಾರದಿತ್ತು ಎಂದು ಬರೆಯಿರಿ. ಅಷ್ಟೇ. ಕ್ಷಮೆ ಕೇಳಬೇಡಿ. ಕ್ಷಮಿಸುವ ಶಕ್ತಿ ನನಗೆ ಇನ್ನೂ ಬಂದಿಲ್ಲ, ಬಂದಾಗ ತಿಳಿಸುತ್ತೇನೆ. ಈ ವರ್ಷದ ಗಾಳಿಯ ಕಾಲ ಈಗಷ್ಟೇ ಶುರುವಾಗಿದೆ. ನೀವು ಪರಿಶೀಲಿಸುತ್ತೀರಿ ಎಂದು ಮರಗಳು ಕಾಯುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ "ದೂರುದಾರಳು, ಪ್ರಕರಣ ಮುಕ್ತಾಯಗೊಂಡಿದೆ" ಎಂದು ನಮೂದಾಗಿರುವ,
ಇನ್ನೂ ಮುಕ್ತಾಯಗೊಳ್ಳದ
ರಾಜೇಶ್ವರಿ ವಿಜಯಕುಮಾರ
ನ್ಯೂಕ್ಯಾಸಲ್